ಎತ್ತಲಾರದ ಕೌದಿ

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಕೂತುಕೊಳ್ಳುವ ಮೊದಲು ಆ ಮನೆಯ ಒಂದು ವಸ್ತುವನ್ನು ಎತ್ತಿ ನೋಡಬೇಕು. ಅದು ಮರ್ಯಾದೆ. ಚೊಂಬೋ, ಚಾದರವೋ, ಗೋಡೆಗೆ ನೇತುಹಾಕಿದ ಛತ್ರಿಯೋ, ಯಾವುದಾದರೂ ಆದೀತು. ಎತ್ತಲು ಬಾರದಿದ್ದರೆ "ಯಪ್ಪಾ, ಏನ್ ಭಾರ ಐತ್ರಿ" ಎಂದು ಸೊಂಟ ಹಿಡಿದುಕೊಂಡು ಕೂಡಬೇಕು. ಸಲೀಸಾಗಿ ಮೇಲೆ ಬಂದರೆ ಏನೂ ಅನ್ನದೆ ಇದ್ದಲ್ಲಿಯೇ ಇಟ್ಟು ಮಳೆ ಬೆಳೆಯ ಮಾತು ತೆಗೆಯಬೇಕು. ವಸ್ತುವಿಗೆ ಅದರ ಯೋಗ್ಯತೆಗಿಂತ ಹೆಚ್ಚು ದುಡ್ಡು ಕೊಟ್ಟರೆ ಆ ಹೆಚ್ಚಿನದೆಲ್ಲ ಭಾರವಾಗಿ ಅದರೊಳಗೆ ಕೂಡುತ್ತದೆ. ಕಡಿಮೆ ಕೊಟ್ಟರೆ ವಸ್ತು ನೆಲ ಬಿಟ್ಟು ಏಳುತ್ತದೆ. ಕೊನೆಯದಾಗಿ ಕೊಂಡವರು ಎಷ್ಟು ಕೊಟ್ಟರೋ ಅದೇ ಲೆಕ್ಕ. ಹೀಗೇಕೆ ಎಂದು ಪರ ಊರಿನವರು ಕೇಳುತ್ತಾರೆ. ನಮಗೆ ಕೇಳಲು ಪುರಸೊತ್ತಾಗಿಲ್ಲ, ಹೊರುವ ಕೆಲಸವೇ ಬಹಳ.

ಬಟ್ಟೆ ಅಂಗಡಿಯ ಸಂಗನಬಸಪ್ಪನವರು ಪರದೇಶದ ಹೆಸರಿನ ಕೈಗಡಿಯಾರ ಕಟ್ಟಿದಂದಿನಿಂದ ಎಡಕ್ಕೆ ವಾಲಿಕೊಂಡೇ ನಡೆಯುತ್ತಾರೆ. ಗಂಟೆ ನೋಡಬೇಕೆಂದರೆ ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿಯಬೇಕು, ಆ ಉಸಾಬರಿ ಬೇಡವೆಂದು ಅವರು ಎದುರಿಗೆ ಬಂದವರನ್ನೇ ಗಂಟೆ ಕೇಳುತ್ತಾರೆ. ಈಗ ಗಡಿಯಾರವಿಲ್ಲದ ಹರೆಯದವರೂ ಎಡಕ್ಕೆ ವಾಲುತ್ತಾರೆ, ದರ್ಜಿಗಳು ಕೇಳದೆಯೇ ಎಡತೋಳನ್ನು ಉದ್ದ ಹೊಲಿಯುತ್ತಾರೆ. ದೊಡ್ಡ ಮನೆಯ ಹೆಂಗಸರ ಕೈಚೀಲಗಳು ತಳ್ಳುಗಾಡಿಯಲ್ಲಿ ಹಿಂದೆ ಬರುತ್ತವೆ. ಮದುವೆಗಳಲ್ಲಿ ಮದುಮಗಳ ಸೆರಗು ಹಿಡಿಯಲು ಗರಡಿಮನೆಯ ಪೈಲ್ವಾನರನ್ನು ಗೊತ್ತು ಮಾಡುತ್ತಾರೆ. ಇನ್ನು ಸಂತೆಯಲ್ಲಿ ಮುದುಕಿಯರ ಹತ್ತಿರ ಜಗಳಾಡಿ ಚೌಕಾಸಿ ಮಾಡಿ ತಂದ ಮೆಂತ್ಯದ ಸೂಡುಗಳನ್ನು ಬುಟ್ಟಿಗೆ ದಾರ ಕಟ್ಟಿಯೇ ಒಯ್ಯಬೇಕು, ಇಲ್ಲದಿದ್ದರೆ ಹೆಂಚಿನ ಮೇಲೆ ಹೋಗಿ ಕೂಡುತ್ತವೆ. ಅಂಥವನ್ನು ಕಂಡರೆ ಊರವರು ಮುಖ ತಿರುವುತ್ತಾರೆ. ಹಾರುವ ವಸ್ತುವನ್ನು ಇಟ್ಟುಕೊಂಡಿರುವುದು ನಾಚಿಕೆ. ಅದನ್ನು ಮಾಡಿದವರಾಗಿರುವುದು ಇನ್ನೂ ದೊಡ್ಡ ನಾಚಿಕೆ.

ಆ ದೊಡ್ಡ ನಾಚಿಕೆಯ ಪಾಲುದಾರರು ನಾವಿಬ್ಬರು, ನಾನು ಫಕೀರವ್ವ ಮತ್ತು ನನ್ನ ಪಕ್ಕದ ಮನೆಯ ಶಂಕ್ರವ್ವ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಹಿಡಿದು ನಡುವಿನವರೆಗೆ ಸಾಲು ಸಾಲಾಗಿ ಹೊಲಿಗೆ ಹಾಕಿ ಕೌದಿ ಮಾಡುವುದು ನಮ್ಮ ಕೆಲಸ. ಮುಗಿದ ಕೌದಿಗಳನ್ನು ಕೊಳ್ಳಲು ಒಂದು ಕಂಪನಿಯ ಗಾಡಿ ಬರುತ್ತದೆ. ಗಾಡಿಯವನು ದುಡ್ಡು ಎಣಿಸಿ ನಮ್ಮ ಕೈಗಿಡುವುದೇ ತಡ, ತೊಡೆಯ ಮೇಲಿದ್ದ ಕೌದಿ ಮೆಲ್ಲಗೆ ಮೇಲೇಳುತ್ತದೆ. ಅವನು ಹಗ್ಗ ಹಾಕಿ ಎಳೆದು ಗಾಡಿಯ ಗೂಟಕ್ಕೆ ಕಟ್ಟಿಕೊಳ್ಳುತ್ತಾನೆ. "ನಿಮ್ಮ ಕೈಯಾಗ ತೂಕಿಲ್ಲಬೇ, ಏನ್ ಮಾಡೂದು" ಎಂದು ಪ್ರತಿ ಸಲವೂ ಹೇಳುತ್ತಾನೆ. ನಾವು ತಲೆ ತಗ್ಗಿಸುತ್ತಿದ್ದೆವು. ಮುಂದಿನ ಸಲ ಇನ್ನೊಂದು ಪದರ ಹೆಚ್ಚು ಹಾಕುತ್ತಿದ್ದೆವು, ಹೊಲಿಗೆ ಇನ್ನೂ ಒತ್ತಾಗಿ ಹಾಕುತ್ತಿದ್ದೆವು. ಅದೂ ಏಳುತ್ತಿತ್ತು, ಮೊದಲಿಗಿಂತ ಬೇಗನೆ.

ಶಂಕ್ರವ್ವನ ಗಂಡ ಮಡಿವಾಳೆಪ್ಪ ಹಿಟ್ಟಿನ ಗಿರಣಿಯ ಮಾಲೀಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಈತನಿಗೆ ಹಿಟ್ಟಿನ ಕೊರತೆಯಿರಲಿಲ್ಲ, ಮಲ್ಲಿಗೆಯ ಚಿಂತೆಯೇ ಇತ್ತು. ಮನುಷ್ಯ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಆಕೆ ಕೌದಿ ಹೊಲಿದು ಏನು ತರುತ್ತಾಳೆ ಎಂದು ಕೇಳಿದವನೂ ಅಲ್ಲ. "ಎಲಿ ಅಡಕಿಗೆ ಆಗತೈತಿ, ಹೊಲಕೊಳ್ಳಲಿ" ಎನ್ನುತ್ತಿದ್ದ. ಈ ವರ್ಷ ಪೇಟೆ ಸಮಿತಿಗೆ ಅಧ್ಯಕ್ಷನಾಗಬೇಕೆಂಬುದು ಅವನ ತಲೆಗೆ ಹೊಕ್ಕಿತ್ತು. ನಮ್ಮಲ್ಲಿ ಅದಕ್ಕೆ ಓಟು ಗೀಟು ಇಲ್ಲ. ಸಮಿತಿಯವರು ಆಸೆಪಟ್ಟವರ ಮನೆಗೆ ಬಂದು ಎತ್ತಿ ನೋಡುತ್ತಾರೆ. ಯಾರ ಮನೆಯಲ್ಲಿ ಎಲ್ಲರೂ ಸೇರಿ ಹಿಡಿದರೂ ಅಲುಗದ ವಸ್ತುವಿದೆಯೋ ಅವನೇ ಅಧ್ಯಕ್ಷ.

ಪೇಟೆಯ ನಡುವೆ ರಾಜಶಯನ ಎಂಬ ಹೆಸರಿನ ಗಾಜಿನ ಅಂಗಡಿಯಿದೆ. ಹಾಸಿಗೆ, ಹೊದಿಕೆ, ದಿಂಬು ಮಾತ್ರ ಮಾರುತ್ತಾರೆ, ಒಳಗೆ ಗುಡಿಯಲ್ಲಿದ್ದ ಹಾಗೆ ಚಪ್ಪಲಿ ಬಿಟ್ಟು ಹೋಗಬೇಕು. ಮಡಿವಾಳೆಪ್ಪ ಹೋಗಿ, ಕೇಳಿದವರು ಎದೆ ಹಿಡಿದುಕೊಳ್ಳುವಂಥ ಬೆಲೆಗೆ ಒಂದು ಕೌದಿ ಗೊತ್ತು ಮಾಡಿದ. ಮುಂಗಡ ಕೊಟ್ಟ, ಉಳಿದದ್ದಕ್ಕೆ ಚೆಕ್ ಬರೆದ. ಮುಂಗಡಕ್ಕೇ ಅದು ಜೋಳದ ಚೀಲದಷ್ಟು ಭಾರವಾಗಿತ್ತು, ಇಬ್ಬರು ಹಮಾಲರು ಹೊತ್ತು ತಂದು ಮಂಚದ ಮೇಲೆ ಹಾಕಿ ಹೋದರು. ಊಟವಾದ ಮೇಲೆ ಮಡಿವಾಳೆಪ್ಪ, ಹೇಗಿದೆ ನೋಡೋಣ ಎಂದು ಒಂದು ಮಗ್ಗುಲಿನಿಂದ ನುಸುಳಿ ಅದರಡಿ ಮಲಗಿದ. ಒಳ್ಳೆಯ ನಿದ್ದೆಯೂ ಬಂತು. ಅವನು ಗೊರಕೆ ಹೊಡೆಯುತ್ತಿದ್ದ ಹೊತ್ತಿಗೆ ಅಲ್ಲಿ ಬ್ಯಾಂಕಿನಲ್ಲಿ ಚೆಕ್ ಪಾಸಾಯಿತು.

ನಾನು ನಮ್ಮ ಕಟ್ಟೆಯ ಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದೆ. ಮಂಚ ಲಟಕ್ಕೆಂದ ಸದ್ದು ಕೇಳಿ ಓಡಿದೆ. ಮಂಚದ ಕಾಲುಗಳು ನಾಲ್ಕೂ ನೆಲದೊಳಕ್ಕೆ ಇಳಿದಿದ್ದವು. ಮಡಿವಾಳೆಪ್ಪನ ತಲೆ ಮತ್ತು ಬಲಗೈ ಹೊರಗಿದ್ದವು, ಮಿಕ್ಕಿದ್ದೆಲ್ಲ ಕೌದಿಯ ಕೆಳಗೆ. ಕೌದಿ ಅವನ ಮೈಗೆ ಅಂಟಿಕೊಂಡಿತ್ತು, ಹೊಟ್ಟೆಯ ಹೊಕ್ಕುಳಿನ ಗುಂಡಿಯೂ ಕಾಣುತ್ತಿತ್ತು. ಶಂಕ್ರವ್ವ ಒಂದು ಮೂಲೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗುತ್ತಿದ್ದಳು.

"ಬಿಡ, ಎಳೀಬ್ಯಾಡ, ಹರದೀತು" ಎಂದ ಮಡಿವಾಳೆಪ್ಪ, ಕೆಳಗಿನಿಂದ. "ನಾಳೆ ಸಮಿತಿಯವರು ಬರ್ತಾರ. ಅಲ್ಲೀತನಕ ಹಿಂಗs ಇರಲಿ."

"ಉಸುರು ಆಡತೈತೇನ್ರಿ?"

"ಆಡತೈತಿ, ಸಣ್ಣಾಗಿ ಆಡತೈತಿ. ಏನ್ ಭಾರ ಅಂತಿ! ಕೊಟ್ಟ ರೊಕ್ಕಕ್ಕ ಮೋಸ ಇಲ್ಲ ನೋಡು."

ಶಂಕ್ರವ್ವ ಕೌದಿಯ ನಡುಮಧ್ಯದಲ್ಲಿ ಏನನ್ನೋ ದಿಟ್ಟಿಸುತ್ತಿದ್ದಳು. ನನ್ನ ಕೈ ಹಿಡಿದು ಅಲ್ಲಿಗೆ ಒಯ್ದಿಟ್ಟಳು. ನೀಲಿ ಗೆರೆಯ ಅಂಗಿಯ ಒಂದು ತುಂಡು, ಅದಕ್ಕೊಂದು ಕಿಸೆ, ಕಿಸೆಯ ಮೇಲೆ ಗಿರಣಿ ಎಣ್ಣೆಯ ಕಲೆ. ಪಕ್ಕದಲ್ಲಿ ಶಂಕ್ರವ್ವನ ಮದುವೆಯ ಮರುವರ್ಷದ ಹಸಿರು ಸೀರೆ. ಅಂಚಿಗೆ ಮಾತ್ರ ಬಂಗಾರದ ದಾರದಲ್ಲಿ ರಾಜಶಯನ ಎಂದು ಬರೆದ ಪಟ್ಟಿ ಹಚ್ಚಿದ್ದರು, ಹೊಲಿಗೆ ಕೆಟ್ಟದಾಗಿತ್ತು. ನಾವಿಬ್ಬರೂ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಮನುಷ್ಯ ತನ್ನ ಹಳೆಯ ಅಂಗಿಗೆ ಗಿರಣಿಯ ಗಳಿಕೆಯನ್ನೆಲ್ಲ ಸುರಿದಿದ್ದ. ನಗು ನಿಂತ ಮೇಲೆ ಶಂಕ್ರವ್ವ ಒಲೆಯ ಮುಂದೆ ಕುಕ್ಕರಿಸಿದಳು. "ಹೇಳಿದರ ಮಾರಿ ಸಣ್ಣದಾಗತೈತಿ ಅವರದು. ಸಮಿತಿಯವರು ಬಂದು ಹೋಗಲಿ, ಆಮ್ಯಾಲ ಹೇಳ್ತೀನಿ" ಎಂದಳು. ಈ ಹೆಂಗಸಿನ ತಾಳ್ಮೆಗೆ ಬೆಂಕಿ ಹಾಕಬೇಕೆಂದು ನನಗೆ ಆಗಲೇ ಅನ್ನಿಸಿತ್ತು.

ಮರುದಿನ ಸಮಿತಿಯವರು ಬಂದರು. ಸಂಗನಬಸಪ್ಪನವರು ಗಡಿಯಾರದ ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಇರಿಸಿ, ಒಂದೇ ಕೈಯಿಂದ ಕೌದಿಯ ಅಂಚು ಹಿಡಿದರು. ಉಳಿದವರೂ ಸುತ್ತ ನಿಂತು ಹಿಡಿದರು. ಮುಖ ಕೆಂಪಾದವು, ಒಬ್ಬರ ಕಚ್ಚೆ ಬಿಚ್ಚಿತು, ಕೌದಿಯ ಒಂದು ದಾರವೂ ಮೇಲೇಳಲಿಲ್ಲ. "ಯಪ್ಪಾ, ಏನ್ ಭಾರ ಐತ್ರಿ" ಎಂದು ಎಲ್ಲರೂ ಸೊಂಟ ಹಿಡಿದುಕೊಂಡು ಕೂತರು. ಅಲ್ಲಿಯೇ ಮಡಿವಾಳೆಪ್ಪ ಅವಿರೋಧವಾಗಿ ಅಧ್ಯಕ್ಷನಾದ. ಹಾರ ತಂದಿದ್ದರು. ಕೊರಳು ಎತ್ತಲು ಬರದೆ ಇದ್ದುದರಿಂದ ಕೌದಿಯ ಮೇಲೆ, ಎದೆಯಿದ್ದ ಜಾಗದಲ್ಲಿ, ಹಾಸಿದರು. ನೋಡಲು ಸರಿಕಾಣಲಿಲ್ಲ. ನಾನು ತೆಗೆದು ಪಕ್ಕಕ್ಕಿಟ್ಟೆ.

"ಅಧ್ಯಕ್ಷರು ಎರಡು ಮಾತಾಡಬೇಕು" ಎಂದರು ಸಂಗನಬಸಪ್ಪನವರು.

ಮಡಿವಾಳೆಪ್ಪನ ತುಟಿ ಅಲುಗಿತು. ಶಂಕ್ರವ್ವ ಕಿವಿ ಹತ್ತಿರ ಒಯ್ದು ಕೇಳಿ, ಎದ್ದು ನಿಂತು ಎಲ್ಲರಿಗೂ ಹೇಳಿದಳು: "ಡಾಕ್ಟರನ್ನ ಕರೀರಿ ಅಂತಾರ."

ಡಾಕ್ಟರು ಬಂದರು. ಪದ್ಧತಿಯಂತೆ ಮೊದಲು ಕೌದಿ ಎತ್ತಲು ನೋಡಿ, ಸೊಂಟ ಹಿಡಿದುಕೊಂಡು, ಆಮೇಲೆ ನಾಡಿ ಹಿಡಿದರು. "ಎದಿ ಗೂಡು ಬಗ್ಗಾಕ ಹತ್ತೈತಿ. ಸಂಜೀತನಕ ತಡದೀತು, ಅದರ ಮ್ಯಾಲ ನಾ ಹೇಳಾಂಗಿಲ್ಲ. ಇದನ್ನ ಇಳಸ್ರಿ" ಎಂದರು. ಕತ್ತರಿಸೋಣವೆಂದು ನಾನು ಕತ್ತರಿ ತಂದೆ. ಎಳೆಯ ಕೆಳಗೆ ಕತ್ತರಿಯ ಅಲಗನ್ನು ತೂರಿಸಲೂ ಆಗಲಿಲ್ಲ. ಆಗ ಅಂಗಡಿಯವರಿಗೆ ಹೇಳಿ ಕಳಿಸಿದೆವು.

ರಾಜಶಯನದ ಮ್ಯಾನೇಜರು, ಅಭಿನಂದನ ಎಂಬವನು, ಬಂದ. ಇಸ್ತ್ರಿಯ ಕೋಟು, ಅವನ ಚರ್ಮದ ಚೀಲವನ್ನು ಹೊರಲು ಹಿಂದೆ ಇಬ್ಬರು. ಮಂಚದ ಮೇಲಿನ ದೃಶ್ಯ ನೋಡಿ ಅವನ ಕಣ್ಣು ತುಂಬಿದವು. "ಇಷ್ಟು ಪೂರ್ಣವಾಗಿ ನಮ್ಮ ವಸ್ತುವನ್ನು ಅನುಭವಿಸಿದ ಗ್ರಾಹಕರನ್ನು ನಾನು ಕಂಡೇ ಇಲ್ಲ, ಸರ್" ಎಂದ.

"ಹಿಂದಕ್ಕ ತೊಗೋರಿ" ಎಂದಳು ಶಂಕ್ರವ್ವ.

"ಮಾರಿದ ವಸ್ತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಮೇಡಂ, ಚೀಟಿಯಲ್ಲೇ ಬರೆದಿದೆ. ಬೇಕಾದರೆ ಇದಕ್ಕೆ ಜೋಡಿ ದಿಂಬನ್ನು ರಿಯಾಯಿತಿಯಲ್ಲಿ ಕೊಡಬಹುದು."

ಕೊಟ್ಟ ಬೆಲೆಗೆ ತಕ್ಕ ಕಾರಣವನ್ನು ಮಾರಿದವನೇ ನಿಜವಾಗಿ ಹೇಳಿದರೆ ಭಾರ ಇಳಿಯುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಯಾರೂ ಇಳಿದದ್ದು ನೋಡಿಲ್ಲ, ಆದರೂ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಂಗನಬಸಪ್ಪನವರು ಅಂಚು ಹಿಡಿದು ನಿಂತು, "ಯಾಕಿಷ್ಟು ಬೆಲೆ, ಹೇಳ್ರಿ ನೋಡೋಣು" ಎಂದರು. ಅಭಿನಂದನ ಗಂಟಲು ಸರಿಮಾಡಿಕೊಂಡ. ಈ ಕೌದಿಯ ನೂಲನ್ನು ಹುಣ್ಣಿಮೆಯ ಬೆಳಕಿನಲ್ಲಿ ಒಣಗಿಸುತ್ತಾರೆಂದ. ಸಂಗನಬಸಪ್ಪನವರು ಎತ್ತಿದರು, ಏಳಲಿಲ್ಲ. ಇದನ್ನು ಹೊದ್ದವರಿಗೆ ಅರಸರ ಕನಸು ಬೀಳುತ್ತದೆಂದ. ಏಳಲಿಲ್ಲ. ಬೆಟ್ಟದ ತುದಿಯಲ್ಲಿ ಒಬ್ಬ ಅಜ್ಜಿ ಮೌನವ್ರತ ಹಿಡಿದು ಹೊಲಿಯುತ್ತಾಳೆ, ಒಂದೊಂದು ಹೊಲಿಗೆಯಲ್ಲೂ ಆಕೆಯ ಉಸಿರಿದೆ ಎಂದ. ನಾನು ಶಂಕ್ರವ್ವನನ್ನು ತಿವಿದೆ. ನಾವಿಬ್ಬರೂ ಕೌದಿ ಹಿಡಿದು ಕೂತರೆ ಬೀದಿಯ ನಾಯಿಗೂ ನಿದ್ದೆಯಿಲ್ಲ, ಅಷ್ಟು ಮಾತು.

"ಬೆಚ್ಚಗಿರತೈತೇನ್ರಿ?" ಎಂದು ನಾನೇ ಕೇಳಿದೆ.

ಅಭಿನಂದನ ನೊಂದುಕೊಂಡ. "ಬೆಚ್ಚಗೆ ಅನ್ನುವ ಮಾತನ್ನು ನಮ್ಮ ಕಂಪನಿ ಬಳಸುವುದಿಲ್ಲ ಮೇಡಂ. ಅದು ಸಾಮಾನ್ಯ ಕೌದಿಗಳಿಗೆ."

ಅಲ್ಲಿಗೆ ಅವನ ಕಾರಣಗಳೂ ಮುಗಿದವು. ಉಳಿದದ್ದು ಒಂದೇ ದಾರಿ, ಕೌದಿಯನ್ನು ಬೇರೆಯವರಿಗೆ ಕಡಿಮೆಗೆ ಮಾರುವುದು. ಮಾರಿದರೆ ಭಾರ ಹೋಗುತ್ತದೆ, ಭಾರದ ಜೊತೆಗೆ ಅಧ್ಯಕ್ಷಗಿರಿಯೂ ಹೋಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮಡಿವಾಳೆಪ್ಪನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಬೇಡವೆಂದು ಹುಬ್ಬು ಅಲುಗಿಸಿದ. ಅವನ ತುಟಿ ನೀಲಿಗಟ್ಟುತ್ತಿತ್ತು, ಹೊರಗಿದ್ದ ಕೈಯ ಉಗುರೂ. ಬಿಸಿ ತುಪ್ಪ ಉಗುಳಲೂ ಆಗದು ನುಂಗಲೂ ಆಗದು ಎನ್ನುತ್ತಾರೆ, ಇಲ್ಲಿ ತುಪ್ಪವೇ ಮನುಷ್ಯನನ್ನು ನುಂಗುತ್ತಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಶಂಕ್ರವ್ವ ಮಂಚದ ಪಕ್ಕ ಕೂತಳು. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ನೋಡ್ರಿಲ್ಲೆ. ನಿಮ್ಮ ಅಧ್ಯಕ್ಷಗಿರಿ ನಿಮ್ಮ ಎದಿ ಮ್ಯಾಲs ಕುಂತೈತಿ. ನನಗ ಗಂಡ ಬೇಕು. ಇದನ್ನ ನನಗ ಮಾರ್ರಿ."

"ನಿನ್ನ ಹಂತೇಕ ರೊಕ್ಕ... ಎಲ್ಲೀದು" ಎಂದ ಮಡಿವಾಳೆಪ್ಪ, ಒಂದೊಂದೇ ಉಸಿರಿಗೆ ಒಂದೊಂದು ಮಾತು.

"ಇದನ್ನ ಹೊಲದಿದ್ದಕ್ಕ ಕಂಪನಿಯವರು ಕೊಟ್ಟಾರಲ್ಲ, ಅದs ಐತಿ. ಈ ಕೌದಿ ನಾ ಹೊಲದದ್ದು. ಈ ಕಿಸೆ ನಿಮ್ಮ ಅಂಗೀದು. ಎಣ್ಣಿ ಕಲಿ ನಾ ಉಜ್ಜಿದರೂ ಹೋಗಲಿಲ್ಲ, ನೆನಪಿರಬೇಕು."

ಮಡಿವಾಳೆಪ್ಪ ಕಣ್ಣು ಕೆಳಗೆ ಹೊರಳಿಸಿ ತನ್ನ ಎದೆಯ ಮೇಲಿನ ಕಿಸೆಯನ್ನು ನೋಡಿದ. ಸಮಿತಿಯವರೂ ಬಗ್ಗಿ ನೋಡಿದರು. ಆಮೇಲೆ ಹೊರಗಿದ್ದ ಬಲಗೈಯ ಅಂಗೈಯನ್ನು ಬಿಚ್ಚಿದ. ಶಂಕ್ರವ್ವ ಸೊಂಟದ ಗಂಟು ಬಿಚ್ಚಿ, ಅದರಲ್ಲಿದ್ದದ್ದನ್ನು ಅಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು.

ಮೊದಲು ಮೂಲೆಗಳು ಎದ್ದವು. ಆಮೇಲೆ ಇಡೀ ಕೌದಿ ಅವನ ಮೈಬಿಟ್ಟು ಸದ್ದಿಲ್ಲದೆ ಮೇಲಕ್ಕೆ ಹೋಯಿತು, ಸಂಗನಬಸಪ್ಪನವರ ಟೊಪ್ಪಿಗೆಯನ್ನು ಸವರಿಕೊಂಡು ಹೋಗಿ ಜಂತಿಗೆ ತಾಗಿ ನಿಂತಿತು. ಮಡಿವಾಳೆಪ್ಪ ದೊಡ್ಡ ಉಸಿರು ಎಳೆದುಕೊಂಡು, ಕೆಮ್ಮಿ, ಎದ್ದು ಕೂತ. ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರ ಕತ್ತೂ ಮೇಲಿತ್ತು. ಅದೇ ಹಸಿರು ಸೀರೆ, ಅದೇ ಕಿಸೆ, ಅದೇ ಹೊಲಿಗೆ. ಈಗಷ್ಟೇ ಒಬ್ಬ ಮನುಷ್ಯನ ಜೀವ ಹಿಂಡುತ್ತಿದ್ದದ್ದು ಅಲ್ಲಿ ತೂಗಾಡುತ್ತಿತ್ತು. ಇಷ್ಟು ವರ್ಷ ನಮ್ಮ ತೊಡೆಯ ಮೇಲಿಂದ ಎದ್ದು ಹೋದ ಕೌದಿಗಳಿಗೆಲ್ಲ ನಾವು ನಮ್ಮ ಕೈಯನ್ನು ಬೈದುಕೊಂಡಿದ್ದೆವು. ನಾನು ಅಲ್ಲಿಯೇ ನಿಂತು ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

"ಇದು ನಮ್ಮ ಮಾಲಲ್ಲ. ನಮ್ಮ ಮಾಲು ಹಾರುವುದಿಲ್ಲ" ಎಂದು ಅಭಿನಂದನ ತನ್ನ ಚೀಲ ಹೊರುವವರನ್ನು ಎಬ್ಬಿಸಿಕೊಂಡು ಹೊರಟ. ಚೀಲ ಹೊಸ್ತಿಲು ದಾಟಲು ಹೊತ್ತು ಹಿಡಿಯಿತು.

ಸಂಗನಬಸಪ್ಪನವರು ಕೆಮ್ಮಿದರು. "ಹಂಗಾರ ಅಧ್ಯಕ್ಷಗಿರಿದು ಹೆಂಗ, ಮಡಿವಾಳೆಪ್ಪ? ಹಾರೂ ವಸ್ತು ಇರೂ ಮನಿಯಾಗ..."

ಮಡಿವಾಳೆಪ್ಪನಿಗೆ ಆ ಮಾತು ಕೇಳಿಸಲೇ ಇಲ್ಲ. ಅವನು ಮುಷ್ಟಿ ಬಿಚ್ಚಿ ಅದರೊಳಗಿನದನ್ನು ನೋಡುತ್ತಿದ್ದ. "ಇಷ್ಟs?" ಎಂದ.

"ಇಷ್ಟs."

"ಎಷ್ಟ ದಿನ ಹೊಲದಿದ್ದಿ?"

"ಪಂಚಮಿಗೆ ಹಿಡದಿದ್ದೆ. ದೀಪಾವಳಿ ಮುಂದ ಮುಗೀತು. ನಡುವ ನಿಮಗ ಜ್ವರ ಬಂದಿತ್ತಲ್ಲ, ಆಗ ಬಿಟ್ಟಿದ್ದೆ."

ಅವನು ಗೋಡೆ ಹಿಡಿದುಕೊಂಡು ಒಳಗೆ ಹೋದ. ಗಿರಣಿಯ ಗಲ್ಲಾಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದು ಹೆಂಡತಿಯ ಮುಂದೆ ನೆಲದ ಮೇಲೆ ಕೂತ. "ಅದನ್ನ ನನಗ ಕೊಡು. ರೊಕ್ಕ ಕೊಡ್ತೀನಿ" ಎಂದು ಆಕೆಯ ಮಡಿಲಿಗೆ ನೋಟುಗಳನ್ನು ಹಾಕತೊಡಗಿದ. ಜಂತಿಯಿಂದ ಕೌದಿ ಒಂದು ಗೇಣು ಇಳಿಯಿತು. ಮತ್ತೆ ಹಾಕಿದ, ಮತ್ತೆ ಇಳಿಯಿತು. ಅವನ ತಲೆಕೂದಲಿಗೆ ತಾಗುವಷ್ಟು ಹತ್ತಿರ ಬಂದಾಗ ಕೈ ತಡೆದ. ಗಿರಣಿಯವನಲ್ಲವೆ, ಕೈ ಬಿಗಿಹಿಡಿಯುವ ರೂಢಿ ಎಲ್ಲಿ ಹೋಗುತ್ತದೆ.

"ಸಾಕಲ್ಲ?" ಎಂದ.

"ನನ್ನ ಯಾಕ ಕೇಳ್ತೀರಿ" ಎಂದಳು ಶಂಕ್ರವ್ವ. "ಅದನ್ನ ಕೇಳ್ರಿ."

ಅವನು ತಲೆ ಎತ್ತಿದ. ಕೌದಿ ಅವನ ಹಣೆಯ ಮೇಲೆ ಅಲುಗಾಡುತ್ತಿತ್ತು. ಮತ್ತೆ ಪೆಟ್ಟಿಗೆಗೆ ಕೈ ಹಾಕಿದ. ಹಾಕುತ್ತಾ ಹಾಕುತ್ತಾ ಅವನ ಕಣ್ಣಲ್ಲಿ ನೀರು ಬಂದಿತು, ಒರೆಸಿಕೊಳ್ಳಲಿಲ್ಲ. ಕೌದಿ ತಿರುಗಿ, ಮಂಚದ ಮೇಲಕ್ಕೆ ಬಂದು, ಹಾಸಿದ ಹಾಗೆ ಮಲಗಿತು. ನಾನು ಓಡಿಹೋಗಿ ಮೂಲೆ ಹಿಡಿದು ಎತ್ತಿದೆ. ಒಂದು ಕೌದಿ ಎಷ್ಟು ಭಾರ ಇರಬೇಕೋ ಅಷ್ಟಿತ್ತು. ಸೊಂಟ ಹಿಡಿದುಕೊಳ್ಳುವ ಹಾಗೂ ಇರಲಿಲ್ಲ, ಮಳೆಯ ಮಾತು ತೆಗೆಯುವ ಹಾಗೂ ಇರಲಿಲ್ಲ. ಅಂಥದ್ದಕ್ಕೆ ಏನನ್ನಬೇಕೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಸಮಿತಿಯವರೂ ಒಬ್ಬೊಬ್ಬರಾಗಿ ಬಂದು ಎತ್ತಿ ನೋಡಿ, ಏನೂ ತೋಚದೆ, ಕೆಳಗಿಟ್ಟರು.

ಶಂಕ್ರವ್ವ ಮಡಿಲಲ್ಲಿದ್ದದ್ದನ್ನು ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ಎದ್ದು ಕೌದಿಯನ್ನು ಒಮ್ಮೆ ಕೊಡವಿದಳು, ಅಂಚಿನಲ್ಲಿದ್ದ ಬಂಗಾರದ ಪಟ್ಟಿಯನ್ನು ಹಲ್ಲಿನಿಂದ ಕಿತ್ತು ಕಿಟಕಿಯಾಚೆ ಬಿಸಾಡಿದಳು. ಆಮೇಲೆ, ಅಷ್ಟು ಗಂಡಸರು ಕೂತಿರುವಾಗಲೇ, ಮಂಚ ಹತ್ತಿ ಕೌದಿ ಹೊದ್ದು ಮಲಗಿಬಿಟ್ಟಳು. ಇಷ್ಟು ವರ್ಷದ ನೆರೆಹೊರೆಯಲ್ಲಿ ಆಕೆ ಹಗಲು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅದು ಈಗ ನಂದಲ್ಲೇನ?" ಎಂದ ಮಡಿವಾಳೆಪ್ಪ, ಮೆಲ್ಲಗೆ.

"ನಿಮ್ದ" ಎಂದಳು ಕಣ್ಣು ಮುಚ್ಚಿಕೊಂಡು. "ಎದ್ದ ಮ್ಯಾಲ ಕೊಡ್ತೀನಿ."

ಸಮಿತಿಯವರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ತುದಿಗಾಲಿನಲ್ಲಿ ಹೊರಗೆ ಹೋದರು. ಸಂಗನಬಸಪ್ಪನವರು ಬಾಗಿಲಲ್ಲಿ ನಿಂತು ಗಡಿಯಾರದ ಪಟ್ಟಿ ಬಿಚ್ಚಲು ಒದ್ದಾಡುತ್ತಿದ್ದರು, ನಾನು ಅವರ ಎಡಗೈಯನ್ನು ಎತ್ತಿ ಹಿಡಿದುಕೊಂಡೆ. ಮಡಿವಾಳೆಪ್ಪ ಅಡುಗೆಮನೆಯಲ್ಲಿ ಒಲೆ ಊದುತ್ತಾ, ಸಕ್ಕರೆ ಎಲ್ಲಿದೆ ಎಂದು ಕೈಸನ್ನೆಯಲ್ಲಿ ನನ್ನನ್ನು ಕೇಳಿದ. ಮಂಚದ ಮೇಲೆ ಶಂಕ್ರವ್ವ ಮಗ್ಗುಲು ಬದಲಿಸಿದಳು, ಆಕೆಯ ಜೊತೆಗೆ ಕೌದಿಯೂ ಹೊರಳಿತು.